ಮೀನಿಗಾಗಿ ಒಂದು ವಿನಾಯಿತಿ

1948ರ ಕಾರ್ಖಾನೆ ಕಾಯ್ದೆಯ 66ನೇ ಕಲಮಿನ ಮೊದಲ ಭಾಗ ಎಲ್ಲರಿಗೂ ಗೊತ್ತು. ಬೆಳಿಗ್ಗೆ 6ಕ್ಕೆ ಮುಂಚೆ, ಸಂಜೆ 7ರ ನಂತರ ಯಾವ ಹೆಂಗಸನ್ನೂ ಕಾರ್ಖಾನೆಯಲ್ಲಿ ದುಡಿಸಿಕೊಳ್ಳುವಂತಿರಲಿಲ್ಲ; ಅವಳಾಗಿಯೇ ದುಡಿಯುತ್ತೇನೆಂದರೂ ಬಿಡುವಂತಿರಲಿಲ್ಲ. ರಾಜ್ಯ ಸರ್ಕಾರ ಈ ವೇಳೆಯನ್ನು ಕೊಂಚ ಆಚೀಚೆ ಮಾಡಬಹುದಿತ್ತು, ಆದರೆ ರಾತ್ರಿ 10ರಿಂದ ಬೆಳಗಿನ 5ರವರೆಗೆ ಸುತರಾಂ ಅವಕಾಶವಿರಲಿಲ್ಲ. ಇಷ್ಟನ್ನು ಓದಿದವರಿಗೆ ಈ ಕಾನೂನು ಹೆಣ್ಣಿನ ದೇಹ, ಮಾನ, ನಿದ್ದೆಗಳನ್ನು ಕಾಯಲು ಕಂಕಣ ಕಟ್ಟಿ ನಿಂತಂತೆ ಕಾಣುತ್ತದೆ. ಅದೇ ಕಲಮಿನ ಎರಡನೆಯ ಭಾಗವನ್ನು ಓದಿದವರು ಕಡಿಮೆ. ಮೀನನ್ನು ಹದಗೊಳಿಸುವ, ಡಬ್ಬಿಗೆ ತುಂಬುವ ಕಾರ್ಖಾನೆಗಳಲ್ಲಿ ಕಚ್ಚಾ ಮಾಲು ಕೆಟ್ಟುಹೋಗುವ ಸಂದರ್ಭವಿದ್ದರೆ ಈ ನಿರ್ಬಂಧದಿಂದ ವಿನಾಯಿತಿ ಕೊಡುವ ನಿಯಮಗಳನ್ನು ರಾಜ್ಯ ಸರ್ಕಾರ ಮಾಡಬಹುದು ಎಂದು ಅದು ಹೇಳುತ್ತಿತ್ತು. ಮಲ್ಪೆಯ ದಕ್ಕೆಗೆ ನಡುರಾತ್ರಿ ಬೋಟು ಬಂದು ಬುಟ್ಟಿಗಳು ಇಳಿದರೆ ಬಂಗುಡೆ ಬೆಳಗಿನ ತನಕ ಕಾಯುವುದಿಲ್ಲ, ನಿಜ. ಹಾಗಾದರೆ ಕಾನೂನು ಕಾಯಲು ಹೊರಟದ್ದು ಏನನ್ನು? ಹೆಣ್ಣಿನ ಮೈ ರಾತ್ರಿಯ ದುಡಿಮೆಗೆ ಒಗ್ಗುವುದಿಲ್ಲ ಎನ್ನುವುದು ನಿಜವಾಗಿದ್ದರೆ, ಮುಂದೆ ಮೀನಿನ ರಾಶಿ ಇದ್ದಾಗಲೂ ಅದು ನಿಜವೇ ಆಗಿರಬೇಕಲ್ಲ. ರಾತ್ರಿ ಅವಳ ಮಾನಕ್ಕೆ ಅಪಾಯವಿದೆ ಎನ್ನುವುದಾದರೆ, ಐಸ್ ಕರಗುವ ಹೊತ್ತಿಗೆ ಆ ಅಪಾಯ ಕರಗಿಹೋಗುತ್ತದೆಯೇ?

ಇದೊಂದು ಶಾಸನ ಬರೆಯುವವರ ಕೈತಪ್ಪು ಎಂದು ಬಿಟ್ಟುಬಿಡಬಹುದಿತ್ತು, ಜೊತೆಗೆ ಬೇರೆ ಉದಾಹರಣೆಗಳು ಇಲ್ಲದೇ ಹೋಗಿದ್ದರೆ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ತೆಗೆದುಕೊಳ್ಳಿ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೂ ಅನ್ವಯಿಸಿದ ಕಾಯ್ದೆ ಇದು. ಸಂಜೆ 7ರ ಮೇಲೆ ಸರ್ಕಾರದ ಅನುಮತಿಯಿಲ್ಲದೆ ಹೆಂಗಸರಿಂದ ಕೆಲಸ ಮಾಡಿಸಬಾರದು ಎಂದು ಹೇಳಿ, ಆ ಮಾತು ಮುಗಿಯುವ ಮುನ್ನವೇ ಸೂಲಗಿತ್ತಿಯರನ್ನೂ ದಾದಿಯರನ್ನೂ ಅದರಿಂದ ಹೊರಗಿಟ್ಟಿತು. ಹೆರಿಗೆಗೆ ಹೊತ್ತುಗೊತ್ತಿಲ್ಲ, ಒಪ್ಪೋಣ. ಆದರೆ ದಾದಿಯೂ ಹೆಣ್ಣೇ. 1966ರ ಬೀಡಿ ಕಾರ್ಮಿಕರ ಕಾಯ್ದೆ ಬೀಡಿ ಕಾರ್ಖಾನೆಯ ಆವರಣದೊಳಗೆ ಹೆಂಗಸರ ರಾತ್ರಿ ದುಡಿಮೆಯನ್ನು ತಡೆಯಿತು. ಆವರಣದ ಹೊರಗೆ, ಅಂದರೆ ಮನೆಯಲ್ಲಿ, ಬೀಡಿ ಕಟ್ಟಲು ಅವಕಾಶವನ್ನೂ ಕೊಟ್ಟಿತು. ದಕ್ಷಿಣ ಕನ್ನಡದ ಮನೆಗಳಲ್ಲಿ ಊಟದ ಪಾತ್ರೆ ತೊಳೆದಿಟ್ಟು, ಮಕ್ಕಳನ್ನು ಮಲಗಿಸಿ, ಮಡಿಲಲ್ಲಿ ತಡ್ಪೆ ಇಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತುತ್ತ ಕೂತ ತಲೆಮಾರುಗಟ್ಟಲೆ ಹೆಂಗಸರಿಗೆ ಸಂಜೆ 7 ಎನ್ನುವ ಗಡಿ ಯಾವತ್ತೂ ಇರಲಿಲ್ಲ. ಕಾನೂನು ಕಾದದ್ದು ಆವರಣವನ್ನು, ಅವಳನ್ನಲ್ಲ. ಇನ್ನು ಯುದ್ಧಕಾಲದ ಕಲ್ಲಿದ್ದಲು ಗಣಿಗಳ ಕತೆ ಎಲ್ಲಕ್ಕಿಂತ ನಿಚ್ಚಳ. ಗಣಿಯ ಒಳಗೆ ಹೆಂಗಸರು ಇಳಿಯಬಾರದೆಂಬ ನಿಷೇಧವನ್ನು 1943ರಲ್ಲಿ ಸಡಿಲಿಸಲಾಯಿತು, ಏಕೆಂದರೆ ಕಲ್ಲಿದ್ದಲು ಸಾಲದಾಗಿತ್ತು. ಯುದ್ಧ ಮುಗಿದ ಮೇಲೆ, 1946ರ ಫೆಬ್ರುವರಿಯಿಂದ, ನಿಷೇಧ ಮತ್ತೆ ಬಂತು. ಆಗ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡುತ್ತಿದ್ದವರು ಅಂಬೇಡ್ಕರ್. ಕೇಂದ್ರ ಶಾಸನಸಭೆಯಲ್ಲಿ ಈ ಸಡಿಲಿಕೆಯನ್ನು ಸಮರ್ಥಿಸಿಕೊಳ್ಳಬೇಕಾಗಿ ಬಂದಾಗ ಅವರು ಹಿಡಿದುಕೊಂಡ ಒಂದು ಅಂಶ, ಗಣಿಗಿಳಿದ ಹೆಂಗಸಿಗೆ ಗಂಡಸಿನ ಸಮಕ್ಕೆ ಕೂಲಿ ಎಂಬುದು. ಇಕ್ಕಟ್ಟಿನಲ್ಲೂ ಅವರು ಹುಡುಕಿದ್ದು ಸಮಾನತೆಯ ಎಳೆಯನ್ನೇ ಎಂಬುದನ್ನು ಇಲ್ಲಿ ಗುರುತಿಸಿಡುತ್ತೇನೆ.

ಮೀನು, ಹೆರಿಗೆ, ಬೀಡಿ, ಕಲ್ಲಿದ್ದಲು. ಇವನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಕೇಳಬೇಕಾದ ಪ್ರಶ್ನೆ ತಾನಾಗಿ ಹೊರಬರುತ್ತದೆ. ದುಡಿಮೆಗೆ ಮಿತಿ ಇರಬೇಕು ಎನ್ನುವುದು ದುರ್ಬಲರ ಮೇಲೆ ತೋರುವ ಕೃಪೆಯೇ, ಅಥವಾ ಮನುಷ್ಯರಾಗಿ ಹುಟ್ಟಿದವರಿಗೆಲ್ಲ ಸಲ್ಲಬೇಕಾದ ಹಕ್ಕೇ? ಕೃಪೆಗೆ ಒಂದು ಗುಣವಿದೆ. ಕೊಟ್ಟವರ ಅನುಕೂಲ ಬದಲಾದ ಕೂಡಲೇ ಅದನ್ನು ವಾಪಸು ಪಡೆಯಬಹುದು, ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಹೆಂಗಸರ ದುಡಿಮೆಯ ವೇಳೆಗೆ ಮಿತಿ ಹಾಕಿದ ನಮ್ಮ ಕಾನೂನುಗಳು ಅವಳನ್ನು ಕೃಪೆಗೆ ಪಾತ್ರಳೆಂದು ನೋಡಿದವೇ ಹೊರತು ಹಕ್ಕುಳ್ಳವಳೆಂದಲ್ಲ. ಆದ್ದರಿಂದಲೇ ಅವು ಬೇಕಾದಾಗ ಬಿಗಿಯಾದವು, ಬೇಡವಾದಾಗ ಸಡಿಲವಾದವು. ಈಗ ಅವನ್ನು ಸಮಾನತೆಯ ಹೆಸರಿನಲ್ಲಿ ಕಿತ್ತುಹಾಕುತ್ತಿರುವಾಗಲೂ ಅದೇ ತಪ್ಪು ಬೇರೆ ವೇಷದಲ್ಲಿ ನಡೆಯುತ್ತಿದೆ ಎನ್ನುವುದು ನನ್ನ ವಾದ.

ಕೃಪೆಯ ಈ ದೃಷ್ಟಿಗೆ ಹಳೆಯ ಬೇರುಗಳಿವೆ. ನಮ್ಮಲ್ಲಿ 1881ರ ಮೊದಲ ಕಾರ್ಖಾನೆ ಕಾಯ್ದೆ ಮಕ್ಕಳ ಬಗ್ಗೆ ಮಾತ್ರ ಮಾತಾಡಿತು. 1891ರದು ಹೆಂಗಸರ ದಿನವನ್ನು 11 ಗಂಟೆಗೆ ನಿಲ್ಲಿಸಿ, ನಡುವೆ ಒಂದೂವರೆ ಗಂಟೆ ಬಿಡುವು ಕೊಟ್ಟಿತು. ಗಂಡಸರಿಗೆ ಯಾವ ಮಿತಿಯೂ ಇಲ್ಲ. ಬಟ್ಟೆ ಗಿರಣಿಗಳಲ್ಲಿ ಅವರ ದಿನ 12 ಗಂಟೆಗೆ ಇಳಿಯಲು 1911 ಬರಬೇಕಾಯಿತು. ಈ ಕಾಯ್ದೆಗಳ ಹಿಂದೆ ಬೊಂಬಾಯಿಯ ಗಿರಣಿಗಳ ಪೈಪೋಟಿಯಿಂದ ಕಂಗಾಲಾಗಿದ್ದ ಲ್ಯಾಂಕಾಶೈರ್‌ನ ಮಾಲೀಕರ ಒತ್ತಡವೂ ಇತ್ತು ಎಂಬುದು ಗುಟ್ಟೇನಲ್ಲ. ಕರುಣೆಗೂ ಕೆಲವೊಮ್ಮೆ ಲೆಕ್ಕಪುಸ್ತಕ ಇರುತ್ತದೆ. ಅಮೆರಿಕದಲ್ಲಿ ಇದೇ ಚರ್ಚೆ ಇನ್ನೂ ಸ್ಪಷ್ಟವಾಗಿ ನಡೆಯಿತು. 1905ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಬೇಕರಿ ಕೆಲಸಗಾರರ ದುಡಿಮೆಯನ್ನು ವಾರಕ್ಕೆ 60 ಗಂಟೆಗೆ ಮಿತಿಗೊಳಿಸಿದ ನ್ಯೂಯಾರ್ಕಿನ ಕಾನೂನನ್ನು ಹೊಡೆದುಹಾಕಿತು; ಮಾಲೀಕನೂ ಕೆಲಸಗಾರನೂ ತಮಗಿಷ್ಟ ಬಂದ ಕರಾರು ಮಾಡಿಕೊಳ್ಳುವ ಸ್ವಾತಂತ್ರ್ಯಕ್ಕೆ ಅದು ಅಡ್ಡಿ ಎಂದಿತು. ಮೂರೇ ವರ್ಷಕ್ಕೆ, 1908ರಲ್ಲಿ, ಬಟ್ಟೆ ಒಗೆಯುವ ಲಾಂಡ್ರಿಗಳಲ್ಲಿ ಹೆಂಗಸರ ದಿನವನ್ನು 10 ಗಂಟೆಗೆ ನಿಲ್ಲಿಸಿದ ಒರೆಗಾನ್ ರಾಜ್ಯದ ಕಾನೂನನ್ನು ಅದೇ ಕೋರ್ಟು ಎತ್ತಿಹಿಡಿಯಿತು. ಕಾರಣ? ತಾಯಿಯಾಗುವವಳ ಆರೋಗ್ಯ ಇಡೀ ಜನಾಂಗದ ಸ್ವತ್ತು, ಅವಳು ಯಾವತ್ತಿಗೂ ಗಂಡಸಿನ ಆಸರೆಯಲ್ಲಿ ಇರುವವಳು ಎಂಬುದು. ಕಾನೂನಿನ ಪರವಾಗಿ ವಾದಿಸಿದ ಲೂಯಿ ಬ್ರಾಂಡೈಸ್ ನೂರಕ್ಕೂ ಹೆಚ್ಚು ಪುಟಗಳ ವೈದ್ಯಕೀಯ, ಸಾಮಾಜಿಕ ವರದಿಗಳನ್ನು ಕೋರ್ಟಿನ ಮುಂದೆ ಸುರಿದಿದ್ದರು. ಅವರ ಉದ್ದೇಶ ಒಳ್ಳೆಯದೇ. ಆದರೆ ಬೇಕರಿಯ ಬಿಸಿಯಲ್ಲಿ ಬೇಯುವ ಗಂಡಸಿಗೆ ದಣಿವು ಎಂಬುದೇ ಇಲ್ಲ, ಲಾಂಡ್ರಿಯ ಹೆಂಗಸಿಗೆ ದಣಿವು ಬಿಟ್ಟು ಬೇರೇನೂ ಇಲ್ಲ ಎಂಬ ವಿಚಿತ್ರ ಸ್ಥಿತಿ ಈ ಎರಡು ತೀರ್ಪುಗಳಿಂದ ಹುಟ್ಟಿತು. ತಂದೆ, ಗಂಡ, ಮಗ ಎಂದು ಹೆಣ್ಣಿಗೆ ಮೂರು ಕಾವಲುಗಾರರನ್ನು ನೇಮಿಸಿದ ನಮ್ಮ ಮನುವಿಗೆ ಈ ತರ್ಕ ಹೊಸದೇನೂ ಅನ್ನಿಸುತ್ತಿರಲಿಲ್ಲ. ನಾಲ್ಕನೆಯ ಕಾವಲುಗಾರನಾಗಿ ಸರ್ಕಾರ ಸೇರಿಕೊಂಡಿತು, ಅಷ್ಟೆ.

ದುಡಿಮೆಗೆ ಮಿತಿ ಯಾಕೆ ಎಂಬ ಪ್ರಶ್ನೆಯನ್ನು ಕಾರ್ಖಾನೆಗಳು ಹುಟ್ಟುವ ಸಾವಿರಾರು ವರ್ಷ ಮೊದಲೇ ಧರ್ಮಗಳು ಎತ್ತಿಕೊಂಡಿದ್ದವು. ಅವುಗಳ ಉತ್ತರ ಕೋರ್ಟುಗಳ ಉತ್ತರಕ್ಕಿಂತ ಆಳವಾಗಿದೆ ಎಂದೇ ನನಗೆ ತೋರುತ್ತದೆ. ಯೆಹೂದ್ಯರ ಸಬ್ಬತ್ತಿನ ಆಜ್ಞೆ ವಾರಕ್ಕೊಂದು ದಿನ ಯಾರ್ಯಾರು ಕೆಲಸ ಮಾಡಬಾರದೆಂದು ಹೆಸರು ಹಿಡಿದು ಹೇಳುತ್ತದೆ: ನೀನು, ನಿನ್ನ ಮಗ, ಮಗಳು, ಗಂಡಾಳು, ಹೆಣ್ಣಾಳು, ದನಕರು, ನಿನ್ನ ಊರಲ್ಲಿರುವ ಪರದೇಶಿ. ಇಲ್ಲಿ ಬಿಡುವಿಗೆ ಕೊಟ್ಟ ಕಾರಣ ದೌರ್ಬಲ್ಯವಲ್ಲ. ಒಂದು ಕಡೆ, ಸೃಷ್ಟಿ ಮುಗಿಸಿದ ದೇವರೇ ಏಳನೆಯ ದಿನ ಸುಮ್ಮನಿದ್ದ ಎಂಬ ಕಾರಣ. ಇನ್ನೊಂದು ಕಡೆ, ನೀವೂ ಈಜಿಪ್ಟಿನಲ್ಲಿ ಜೀತದಲ್ಲಿದ್ದವರು ಎಂಬ ನೆನಪು. ದೇವರಿಗೆ ಸುಸ್ತಾಗಿತ್ತೆಂದು ಯಾರೂ ಹೇಳುವುದಿಲ್ಲ. ಬಿಡುವು ಎನ್ನುವುದು ಬಲಹೀನತೆಗೆ ಮದ್ದಲ್ಲ, ಜೀತದಿಂದ ಬಿಡುಗಡೆಯ ಗುರುತು. ಆ ಪಟ್ಟಿಯಲ್ಲಿ ಒಬ್ಬಳ ಹೆಸರಿಲ್ಲ ಎಂಬುದನ್ನು ಓದುಗರು ಗಮನಿಸಿರಬಹುದು. ಮಗಳಿದ್ದಾಳೆ, ಹೆಣ್ಣಾಳಿದ್ದಾಳೆ, ಎತ್ತೂ ಇದೆ, ಹೆಂಡತಿ ಇಲ್ಲ. ‘ನೀನು’ ಎಂಬುದರಲ್ಲೇ ಅವಳು ಸೇರಿದ್ದಾಳೆ ಎಂದು ವ್ಯಾಖ್ಯಾನಿಸುವವರಿದ್ದಾರೆ. ಇರಬಹುದು. ಆದರೂ ಅದೇ ಧರ್ಮಶಾಸ್ತ್ರ ಇನ್ನೊಂದು ಮಾತು ಹೇಳಿ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಂಡಿತು: ಸಬ್ಬತ್ತಿನ ದಿನ ಮನೆಗಳಲ್ಲಿ ಬೆಂಕಿ ಹೊತ್ತಿಸಬಾರದು. ಅಂದರೆ ಅಡುಗೆಯೂ ಕೆಲಸವೇ. ಒಲೆಯ ಮುಂದಿನ ದುಡಿಮೆಯನ್ನು ದುಡಿಮೆ ಎಂದು ಲೆಕ್ಕ ಹಿಡಿದು, ಅದಕ್ಕೂ ಗಡಿ ಎಳೆದ ಇಂಥ ನಿಯಮ ಇವತ್ತಿನ ಯಾವ ಕಾರ್ಮಿಕ ಕಾಯ್ದೆಯಲ್ಲೂ ಇಲ್ಲ.

ನಮ್ಮ ಕಡೆಯೂ ಹಲವು ಊರುಗಳಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ, ಶಿವನ ದಿನ. ಮಳೆ ಬಿದ್ದು ಹದ ಕೂಡಿಬಂದರೂ ಸೋಮವಾರ ಆರು ಹೂಡದ ಹಿರಿಯರ ನಿಷ್ಠೆಯಲ್ಲಿ ದೊಡ್ಡದೊಂದು ವಿವೇಕವಿದೆ. ಎತ್ತು ದಣಿದಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಿ ರಜೆ ಕೊಡುವುದಲ್ಲ ಅದು. ಎತ್ತು ಎಂಬ ಕಾರಣಕ್ಕೇ ಅದಕ್ಕೊಂದು ದಿನ ಸಲ್ಲುತ್ತದೆ. ಕಾರ್ಖಾನೆ ಕಾಯ್ದೆಯ ಮೀನಿನ ವಿನಾಯಿತಿಗಿಂತ ಇದು ಎಷ್ಟೋ ಮೇಲಿನ ತತ್ವ. ಆದರೆ ಅದೇ ಸೋಮವಾರ ಅದೇ ಮನೆಯ ಹೆಂಗಸು ಕೊಟ್ಟಿಗೆ ಬಳಿದು, ನೀರು ಹೊತ್ತು, ರೊಟ್ಟಿ ಬಡಿಯುತ್ತಾಳೆ. ನಮ್ಮ ಸೋಮವಾರ ಒಲೆಯ ತನಕ ಬರಲಿಲ್ಲ.

ಇನ್ನು ಕಾಯಕ. ವಾರಕ್ಕೆ 70 ಗಂಟೆ, 90 ಗಂಟೆ ದುಡಿಯಬೇಕೆಂದು ದೊಡ್ಡ ಕಂಪನಿಗಳ ಹಿರಿಯರು ಉಪದೇಶ ಮಾಡಿದಾಗಲೆಲ್ಲ ಕನ್ನಡದಲ್ಲಿ ಅದನ್ನು ಸಮರ್ಥಿಸುವವರು ಥಟ್ಟನೆ ಹಿಡಿದುಕೊಳ್ಳುವುದು ಈ ಶಬ್ದವನ್ನು. ಶರಣರ ಕಾಯಕಕ್ಕೆ ಇದಕ್ಕಿಂತ ದೊಡ್ಡ ಅನ್ಯಾಯ ಇಲ್ಲ. ಆಯ್ದಕ್ಕಿ ಮಾರಯ್ಯನ ಕತೆ ನೆನಪಿಸಿಕೊಳ್ಳಿ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಅವನ ಕಾಯಕ. ಒಂದು ದಿನ ಮಾತುಕತೆಯಲ್ಲಿ ಮೈಮರೆತಾಗ ಕೆಲಸ ನೆನಪಿಸಿ ಕಳಿಸಿದವಳು ಹೆಂಡತಿ ಲಕ್ಕಮ್ಮ. ಇನ್ನೊಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇದು ನಿನ್ನ ಆಸೆಯೋ ಎಂದು ಕೇಳಿ, ಹೆಚ್ಚಾದದ್ದನ್ನು ಅಲ್ಲಿಗೇ ಸುರಿದು ಬಾ ಎಂದವಳೂ ಅವಳೇ. ಕಾಯಕಕ್ಕೆ ಎರಡು ಅಂಚು: ಮೈಗಳ್ಳತನವೂ ಕೂಡದು, ಅತಿಯೂ ಕೂಡದು. ಹನ್ನೆರಡನೆಯ ಶತಮಾನದ ಈ ಮನೆಯಲ್ಲಿ ದುಡಿಮೆಯ ಗಡಿಯನ್ನು ಗೊತ್ತುಮಾಡಿದವಳು ಹೆಣ್ಣು, ಗಡಿಗೆ ಒಳಪಟ್ಟವನು ಗಂಡಸು. ಹೆಣ್ಣು ದುರ್ಬಲಳು, ಆದ್ದರಿಂದ ಅವಳಿಗೆ ಮಿತಿ ಎನ್ನುವ ತರ್ಕದ ನೆರಳೂ ಇಲ್ಲಿಲ್ಲ. ಬೌದ್ಧರ ಸಿಗಾಲೋವಾದ ಸುತ್ತವೂ ಒಡೆಯನ ಕರ್ತವ್ಯಗಳನ್ನು ಹೇಳುವಾಗ ಆಳಿಗೆ ಶಕ್ತಿಗೆ ತಕ್ಕ ಕೆಲಸ ಕೊಡಬೇಕು, ಕಾಯಿಲೆಯಾದಾಗ ನೋಡಿಕೊಳ್ಳಬೇಕು, ಸಕಾಲಕ್ಕೆ ಬಿಡುವು ಕೊಡಬೇಕು ಎನ್ನುತ್ತದೆ. ಅಲ್ಲಿ ಲೆಕ್ಕಕ್ಕೆ ಬರುವುದು ದುಡಿಯುವ ಜೀವದ ಶಕ್ತಿ, ಅದರ ಲಿಂಗವಲ್ಲ.

ನನ್ನ ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಅತ್ಯಂತ ಗಟ್ಟಿಯಾದುದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಹೆಂಗಸರಿಗೆಂದು ಮೊದಲು ಮಿತಿ ಹಾಕದೆ ಇದ್ದಿದ್ದರೆ ಎಲ್ಲರಿಗೂ ಮಿತಿ ಬರುತ್ತಲೇ ಇರಲಿಲ್ಲ ಎನ್ನುತ್ತಾರೆ ಕಾರ್ಮಿಕ ಚರಿತ್ರೆ ಬಲ್ಲವರು. ಅವರ ಮಾತಿನಲ್ಲಿ ಹುರುಳಿದೆ. ಬ್ರಿಟನ್ನಿನ 1847ರ ಹತ್ತು ಗಂಟೆ ಕಾಯ್ದೆ ಹೆಂಗಸರಿಗೆ ಮತ್ತು ಎಳೆಯರಿಗೆ ಮಾತ್ರ ಎಂದು ಬಂದದ್ದು; ಆದರೆ ಅವರಿಲ್ಲದೆ ಗಿರಣಿ ಓಡುವುದಿಲ್ಲವಾದ್ದರಿಂದ ಗಂಡಸರ ದಿನವೂ ಕ್ರಮೇಣ ಮೊಟಕಾಯಿತು. ಅಮೆರಿಕದಲ್ಲಿ 1908ರ ತೀರ್ಪು ಹೆಂಗಸರಿಗೆ. 1917ರಲ್ಲಿ ಅದೇ ಒರೆಗಾನ್‌ನ ಹತ್ತು ಗಂಟೆಯ ಇನ್ನೊಂದು ಕಾನೂನು ಗಂಡಸರನ್ನೂ ಒಳಗೊಂಡು ಊರ್ಜಿತವಾಯಿತು. ನಮ್ಮಲ್ಲೂ 1891ರಿಂದ 1911, 1922, 1934 ಎಂದು ದಿನದ ಗಂಟೆಗಳು ಇಳಿಯುತ್ತ ಬಂದು 1948ಕ್ಕೆ ದಿನಕ್ಕೆ 9, ವಾರಕ್ಕೆ 48 ಎಂದು ಗಂಡು ಹೆಣ್ಣು ಇಬ್ಬರಿಗೂ ನಿಂತಿತು. ಅಂದರೆ ಹೆಂಗಸರ ಮಿತಿ ಒಂದು ಏಣಿಯಾಗಿತ್ತು. ಒಪ್ಪುತ್ತೇನೆ. ಆದರೆ ಎಲ್ಲರೂ ಅಟ್ಟ ಹತ್ತಿದ ಮೇಲೆ ಆ ಏಣಿ ಏನಾಯಿತು? ಗಂಟೆಗಳ ಮಿತಿ ಸಮಾನವಾದ ಮೇಲೆ ಹೆಂಗಸರಿಗೆಂದೇ ಉಳಿದದ್ದು ಮುಖ್ಯವಾಗಿ ರಾತ್ರಿಯ ನಿಷೇಧ. ಅದು ಯಾರನ್ನೂ ಮೇಲೆ ಹತ್ತಿಸಲಿಲ್ಲ. ರಾತ್ರಿ ಪಾಳಿಯ ಭತ್ಯೆ ಗಂಡಸಿನ ಪಾಲಾಯಿತು. ಮೂರು ಪಾಳಿಯ ಗಿರಣಿಗಳ ಮಾಲೀಕರಿಗೆ ಹೆಂಗಸರನ್ನು ತೆಗೆದುಕೊಳ್ಳದಿರಲು ಕಾನೂನೇ ನೆಪವಾಯಿತು. ಜವಳಿ ಗಿರಣಿಯ ಹೆಣ್ಣುಮಕ್ಕಳೇ ಮದರಾಸು ಹೈಕೋರ್ಟಿಗೆ ಹೋಗಿ, 2000ದಲ್ಲಿ ಆ ನಿಷೇಧವನ್ನು ಅಸಾಂವಿಧಾನಿಕ ಎಂದು ಹೇಳಿಸಿಕೊಂಡು ಬಂದದ್ದು ಈ ಕಾರಣಕ್ಕೆ. ಹೆಂಗಸರಿಗಾಗಿ ವಿಶೇಷ ನಿಯಮ ಮಾಡಲು ಸಂವಿಧಾನದ 15(3)ನೇ ವಿಧಿ ಅವಕಾಶ ಕೊಡುತ್ತದೆ, ನಿಜ. ಆದರೆ ಅದು ಅವಳಿಗೆ ಅನುಕೂಲ ಮಾಡಿಕೊಡಲು ಇರುವ ಬಾಗಿಲು, ಅವಳನ್ನು ಹೊರಗಿಟ್ಟು ಹಾಕುವ ಅಗುಳಿಯಲ್ಲ.

ದೇಹದ ವ್ಯತ್ಯಾಸವನ್ನು ಅಲ್ಲಗಳೆಯಲಾಗುತ್ತದೆಯೇ ಎಂಬುದು ಎರಡನೆಯ ಪ್ರಶ್ನೆ. ಅಲ್ಲಗಳೆಯಬೇಕಾಗಿಲ್ಲ. ಬಸಿರು, ಬಾಣಂತನಗಳಿಗೆ ಬೇರೆಯೇ ಕಾನೂನಿದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ ರಜೆಯನ್ನು 2017ರಲ್ಲಿ 26 ವಾರಕ್ಕೆ ಏರಿಸಿದ್ದೂ ಸರಿಯೇ. ಅದು ಒಂದು ಸ್ಥಿತಿಗೆ ಕೊಟ್ಟ ರಕ್ಷಣೆ. ಬಸುರಿಗೆ ಸಲ್ಲುವ ನಿಯಮವನ್ನು ಇಪ್ಪತ್ತರಿಂದ ಅರವತ್ತರವರೆಗಿನ ಎಲ್ಲ ಹೆಂಗಸರಿಗೂ ಎಲ್ಲ ದಿನಗಳಿಗೂ ಹೊದಿಸುವುದು ಬೇರೆ ಮಾತು. ಇನ್ನು ರಾತ್ರಿಯ ದುಡಿಮೆ ಮೈಗೆ ಕೆಡುಕು ಎಂಬ ವಾದವನ್ನು ಅದರ ಕೊನೆಯವರೆಗೂ ತೆಗೆದುಕೊಂಡು ಹೋಗಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ದೇಹದ ಗಡಿಯಾರ ಕೆಡಿಸುವ ಪಾಳಿ ಕೆಲಸವನ್ನು 2007ರಲ್ಲಿ, ಮತ್ತೆ 2019ರಲ್ಲಿ ಪರಿಶೀಲಿಸಿ, ಕ್ಯಾನ್ಸರ್ ತರುವ ಸಂಭವವಿರುವ ಸಂಗತಿಗಳ ಸಾಲಿಗೆ ಸೇರಿಸಿತು. ಹಾಗೆ ಸೇರಿಸುವಾಗ ಅದು ಹೆಂಗಸರ ರಾತ್ರಿ ಪಾಳಿ ಎಂದು ಬೇರೆ ಮಾಡಲಿಲ್ಲ. ನಿದ್ದೆಗೆಟ್ಟ ಕಣ್ಣು ಯಾರದಾದರೂ ಉರಿಯುತ್ತದೆ. ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ 1992ರಲ್ಲಿ ಕಾರ್ಮಿಕ ಹೆಂಗಸರ ರಾತ್ರಿ ನಿಷೇಧವನ್ನು ರದ್ದು ಮಾಡಿದ ರೀತಿ ಇಲ್ಲಿ ನೆನಪಿಡುವಂಥದ್ದು. ರಾತ್ರಿ ದುಡಿಮೆ ಎಲ್ಲರಿಗೂ ಹಾನಿಕರ. ಹೆಂಗಸರನ್ನು ಮಾತ್ರ ಹೊರಗಿಡುವುದು ತಾರತಮ್ಯ. ಆದರೆ ನಿಷೇಧ ಹೋಯಿತೆಂದು ಸುಮ್ಮನಿರುವಂತಿಲ್ಲ, ರಾತ್ರಿ ದುಡಿಯುವ ಎಲ್ಲರನ್ನೂ ಕಾಯುವ ಹೊಸ ನಿಯಮ ಮಾಡುವುದು ಶಾಸಕಾಂಗದ ಕರ್ತವ್ಯ ಎಂದಿತು ಆ ನ್ಯಾಯಾಲಯ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ 1919ರಲ್ಲಿ ಹೆಂಗಸರ ರಾತ್ರಿ ಕೆಲಸಕ್ಕೆ ತಡೆ ಹಾಕಿ ಶುರುಮಾಡಿ, 1990ರ ಹೊತ್ತಿಗೆ ಗಂಡು ಹೆಣ್ಣೆನ್ನದೆ ರಾತ್ರಿ ಪಾಳಿಯವರೆಲ್ಲರ ರಕ್ಷಣೆಯ ಒಡಂಬಡಿಕೆಗೆ ಬಂದು ತಲುಪಿತ್ತು. ಸಮಾನತೆಯನ್ನು ಮೇಲಕ್ಕೆ ಎತ್ತುವುದು ಎಂದರೆ ಇದು.

ಬೀದಿ ಸುರಕ್ಷಿತವಲ್ಲ ಎಂಬ ಮೂರನೆಯ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲು ಬೆಂಗಳೂರಿನಲ್ಲಿ ಬದುಕುವ ಯಾರಿಗೂ ಮನಸ್ಸು ಬಾರದು. 2005ರ ಡಿಸೆಂಬರಿನಲ್ಲಿ ರಾತ್ರಿ ಪಾಳಿಗೆ ಹೊರಟಿದ್ದ ಕಾಲ್ ಸೆಂಟರ್ ಉದ್ಯೋಗಿಯೊಬ್ಬರನ್ನು ಕ್ಯಾಬ್ ಚಾಲಕನಾಗಿ ಬಂದವನೇ ಕೊಂದದ್ದು ಈ ನಗರದ ನೆನಪಿನಿಂದ ಮಾಸಿಲ್ಲ. ಆದರೆ ಅಪಾಯ ಒಡ್ಡುವವನು ಹೊರಗೆ ಓಡಾಡಿಕೊಂಡಿದ್ದು, ಅಪಾಯಕ್ಕೆ ಒಳಗಾಗುವವಳು ಮನೆಯಲ್ಲಿರಬೇಕು ಎಂಬುದು ಕಾನೂನಿನ ಮಾತಲ್ಲ, ಕಾನೂನು ಸೋತ ಮೇಲೆ ಆಡುವ ಮಾತು. 2007ರಲ್ಲಿ ಸುಪ್ರೀಂ ಕೋರ್ಟು, ಮದ್ಯ ಮಾರುವ ಜಾಗಗಳಲ್ಲಿ ಹೆಂಗಸರು ಕೆಲಸ ಮಾಡಬಾರದೆಂಬ ಪಂಜಾಬಿನ 1914ರ ಅಬಕಾರಿ ನಿಯಮವನ್ನು ತೆಗೆದುಹಾಕುವಾಗ ಇದನ್ನೇ ಸೂಚಿಸಿತು: ಹೆಣ್ಣಿನ ಸ್ವಾತಂತ್ರ್ಯವನ್ನು ಕತ್ತರಿಸುವ ಬದಲು ಅವಳಿಗೆ ಭದ್ರತೆ ಒದಗಿಸುವುದು ಸರ್ಕಾರದ ಕೆಲಸ. ವಾಹನ, ದೀಪ, ವಿಶ್ರಾಂತಿ ಕೋಣೆ, ದೂರು ಕೇಳುವ ಸಮಿತಿ, ಇವೆಲ್ಲ ಖರ್ಚಿನ ಬಾಬತ್ತು. ಆ ಖರ್ಚು ಮಾಲೀಕರ ಲೆಕ್ಕಕ್ಕೆ ಹೋಗಬೇಕು. ನಿಷೇಧದಲ್ಲಿ ಆ ಖರ್ಚೆಲ್ಲ ಹೆಣ್ಣಿನ ಕೂಲಿಯಿಂದ ವಸೂಲಾಗುತ್ತಿತ್ತು.

ಇಷ್ಟು ಹೇಳಿದ ಮೇಲೆ, ಹಾಗಾದರೆ ಈಗಿನ ಬದಲಾವಣೆಗಳಿಗೆ ಜೈ ಎನ್ನೋಣವೇ ಎಂದು ಕೇಳಬಹುದು. ಅಲ್ಲೇ ನನ್ನ ತಕರಾರು. ಕರ್ನಾಟಕ 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಂದ ತಿದ್ದುಪಡಿಯಲ್ಲಿ ಎರಡು ಕೆಲಸ ಒಟ್ಟಿಗೆ ನಡೆದವು. ಹೆಂಗಸರಿಗೆ ರಾತ್ರಿ ಪಾಳಿ ತೆರೆಯಿತು. ಅದೇ ಉಸಿರಿನಲ್ಲಿ, ವಾರದ ಮಿತಿ 48 ಎಂದು ಇಟ್ಟುಕೊಂಡೇ, ದಿನವನ್ನು 12 ಗಂಟೆಯವರೆಗೆ ಹಿಗ್ಗಿಸಲು ದಾರಿಯಾಯಿತು, ಮೂರು ತಿಂಗಳಿಗೆ 75 ಗಂಟೆ ಇದ್ದ ಓಟಿಯ ಮಿತಿ 144ಕ್ಕೆ ಏರಿತು. ಹೆಂಗಸಿಗಿದ್ದ ಬೇಲಿ ತೆಗೆದದ್ದು ಸಮಾನತೆ ಎಂದು ಪ್ರಚಾರವಾಯಿತು. ಎಲ್ಲರಿಗೂ ಇದ್ದ ಬೇಲಿಯನ್ನು ಹಿಂದಕ್ಕೆ ಸರಿಸಿದ್ದು ಸದ್ದಿಲ್ಲದೆ ಅದರ ಬೆನ್ನಿಗೆ ಬಂತು. ಎಲ್ಲಕ್ಕೂ ಕೊಟ್ಟ ಸಮಜಾಯಿಷಿ ಒಂದೇ, ಕಾರ್ಮಿಕರ ಒಪ್ಪಿಗೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆಯ ಸಂಹಿತೆಯ 43ನೇ ಕಲಮೂ ಹೆಂಗಸು ತನ್ನ ಒಪ್ಪಿಗೆಯಿಂದ ಬೆಳಿಗ್ಗೆ 6ಕ್ಕೆ ಮುಂಚೆ, ಸಂಜೆ 7ರ ನಂತರ ದುಡಿಯಬಹುದು ಎನ್ನುತ್ತದೆ. ಒಪ್ಪಿಗೆ ಚೆಂದದ ಪದ. ಅದು ಪದವಾಗಿ ಉಳಿಯದೆ ಅರ್ಥ ಪಡೆಯಬೇಕಾದರೆ ‘ಆಗುವುದಿಲ್ಲ’ ಎಂದವಳ ಕೆಲಸ ಮಾರನೆಯ ದಿನವೂ ಇರಬೇಕು. ಪೀಣ್ಯದಲ್ಲೋ ಮೈಸೂರು ರಸ್ತೆಯಲ್ಲೋ ಗಾರ್ಮೆಂಟ್ಸ್‌ಗೆ ಹೋಗುವವಳ ದಿನ ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ಟಿನಿಂದ ಅಳೆಯಲ್ಪಡುತ್ತದೆ. ಮುಂದಿನ ಟೈಲರ್‌ಗೆ ಕಾಲರ್ ಸಾಗದಿದ್ದರೆ ಇಡೀ ಲೈನ್ ನಿಲ್ಲುತ್ತದೆ, ಸೂಪರ್‌ವೈಸರ್ ಬಂದು ತಲೆಯ ಮೇಲೆ ನಿಲ್ಲುತ್ತಾನೆ. ಶೌಚಕ್ಕೆ ಏಳಬೇಕಾಗುತ್ತದೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡುವವರ ಬಗ್ಗೆ ಕಾರ್ಮಿಕ ಸಂಘಟನೆಗಳು ವರ್ಷಗಳಿಂದ ಹೇಳುತ್ತಿವೆ. ಬಾಯಾರಿಕೆಗೇ ಒಪ್ಪಿಗೆ ಸಿಗದ ಜಾಗದಲ್ಲಿ ರಾತ್ರಿ ಪಾಳಿಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವುದು ಎಷ್ಟು ಹೊತ್ತಿನ ಕೆಲಸ? 1905ರ ಬೇಕರಿ ತೀರ್ಪಿನ ಕರಾರು ಸ್ವಾತಂತ್ರ್ಯವೇ ನೂರಿಪ್ಪತ್ತು ವರ್ಷದ ಮೇಲೆ ನಮ್ಮಲ್ಲಿಗೆ ಸೀರೆ ಉಟ್ಟು ಬಂದಿದೆ.

ಈ ಲೆಕ್ಕದಲ್ಲಿ ಒಲೆಯನ್ನು ಮರೆತರೆ ಮತ್ತೆ ಅದೇ ಸೋಮವಾರದ ತಪ್ಪಾಗುತ್ತದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ಕೊಡುತ್ತಿದ್ದ ಸಮಯ ದಿನಕ್ಕೆ ಸರಾಸರಿ 299 ನಿಮಿಷ, ಮಾಡುವ ಗಂಡಸರು ಕೊಡುತ್ತಿದ್ದದ್ದು 97 ನಿಮಿಷ. ‘ಮಾಡುವ ಗಂಡಸರು’ ಎಂಬಲ್ಲಿ ಸ್ವಲ್ಪ ನಿಲ್ಲಬೇಕು: ಗಂಡಸರಲ್ಲಿ ನೂರಕ್ಕೆ ಸುಮಾರು 26 ಮಂದಿ, ಹೆಂಗಸರಲ್ಲಿ ನೂರಕ್ಕೆ 81 ಮಂದಿ ಆ ಕೆಲಸಕ್ಕೆ ಕೈ ಹಾಕುವವರು. ಹೊರಗೆ ದುಡಿಯುವ ಹೆಂಗಸಿಗೆ ಮನೆಗೆಲಸ ಸರಾಸರಿಗಿಂತ ಕಡಿಮೆ ಇರಬಹುದು. ಐದು ಗಂಟೆ ಬೇಡ, ಮೂರೇ ಗಂಟೆ ಎಂದು ಹಿಡಿಯೋಣ. ವಾರಕ್ಕೆ 21. ಕಾರ್ಖಾನೆಯ 48 ಸೇರಿಸಿದರೆ 69. ವಾರಕ್ಕೆ 70 ಗಂಟೆಯ ಉಪದೇಶ ಕೇಳಿ ದೇಶವೇ ಚರ್ಚೆಗೆ ಬಿದ್ದಾಗ, ಗಾರ್ಮೆಂಟ್ಸ್ ಬಸ್ಸಿಗೆ ಕಾಯುತ್ತ ನಿಂತವಳು ಆ ಗುರಿಗೆ ಒಂದೇ ಗಂಟೆ ದೂರದಲ್ಲಿದ್ದಳು. ಹೆಂಗಸರ ದುಡಿಮೆಗೆ ಮಿತಿ ಬೇಕು ಎನ್ನುವವರು ನಿಜವಾಗಿ ಅವಳ ದಣಿವನ್ನೇ ಕಂಡು ಮರುಗುತ್ತಿದ್ದರೆ, ಆ ಮಿತಿಯನ್ನು ಕಾರ್ಖಾನೆಯ ಗೇಟಿನಲ್ಲಿ ಮಾತ್ರ ಕಟ್ಟಿದರೆ ಸಾಲದು. ಗಂಡನ ದುಡಿಮೆಗೂ ಮಿತಿ ಬೇಕು, ಅವನು ಹೊತ್ತಿಗೆ ಮನೆಗೆ ಬಂದು ಕುಕ್ಕರ್ ಇಡುವಷ್ಟು. ಹನ್ನೆರಡು ಗಂಟೆ ದುಡಿದು ಬಂದ ಗಂಡಸು ಒಳ್ಳೆಯವನಾಗಿದ್ದರೂ ಅಡುಗೆಮನೆಗೆ ಹೋಗಲಾರ. ಅವನ ಹೆಚ್ಚುವರಿ ಗಂಟೆಗಳ ಭಾರ ಹೆಂಡತಿಯ ಬೆನ್ನ ಮೇಲೆಯೇ ಬೀಳುತ್ತದೆ. ಗಂಡಸಿಗೆ ಹಾಕುವ ಮಿತಿಯೇ ಹೆಂಗಸಿಗೆ ಸಿಗುವ ಅತ್ಯಂತ ಗಟ್ಟಿಯಾದ ರಕ್ಷಣೆ ಎಂದು ನಾನು ನಂಬುವುದು ಇದಕ್ಕೇ.

ಎಲ್ಲರಿಗೂ ಬಿಗಿಯಾದ ಮಿತಿ ಹಾಕಿದರೆ ಉದ್ಯಮಗಳು ಬೇರೆ ರಾಜ್ಯಕ್ಕೆ, ಬೇರೆ ದೇಶಕ್ಕೆ ಹೋಗುತ್ತವೆ ಎಂಬ ಮಾತೂ ಇದೆ. 1891ರಲ್ಲಿ ಬೊಂಬಾಯಿಯ ಮಾಲೀಕರೂ ಕಾಯ್ದೆಯ ವಿರುದ್ಧ ಗೋಳಾಡಿದ್ದರು. ಗಿರಣಿಗಳು ಆಮೇಲೆಯೂ ದಶಕಗಟ್ಟಲೆ ಓಡಿದವು.

ಹೊಸ ಸಂಹಿತೆ ದಿನಕ್ಕೆ 8 ಗಂಟೆ ಎಂದು ಹೇಳಿ, ಓಟಿ ಎಷ್ಟರವರೆಗೆ ಎಂಬುದನ್ನು ಸರ್ಕಾರಗಳು ಮಾಡುವ ನಿಯಮಕ್ಕೆ ಬಿಟ್ಟಿದೆ. ಮೊದಲು ಶಾಸನಸಭೆಯಲ್ಲಿ ಚರ್ಚೆಯಾಗಿ ಬದಲಾಗಬೇಕಿದ್ದ ಸಂಖ್ಯೆ ಇನ್ನು ಅಧಿಸೂಚನೆಯಲ್ಲಿ ಬದಲಾಗಬಹುದು. ಕರ್ನಾಟಕ ಸರ್ಕಾರ ಆ ನಿಯಮದಲ್ಲಿ 144ರ ಜಾಗದಲ್ಲಿ ಮತ್ತೆ 75 ಎಂದು ಬರೆಯಬೇಕು, ಗಂಡಸರಿಗೂ ಹೆಂಗಸರಿಗೂ. ರಾತ್ರಿ ಪಾಳಿ ಬೇಡವೆಂದವರನ್ನು ಕೆಲಸದಿಂದ ತೆಗೆದರೆ ಮಾಲೀಕರಿಗೆ ದಂಡವೆಷ್ಟು ಎಂಬುದನ್ನೂ ಅದೇ ಪುಟದಲ್ಲಿ ಬರೆಯಬೇಕು. ಮೀನಿಗೆ ಐಸ್ ಪೆಟ್ಟಿಗೆ ಇದೆ.